ಯಾವ ಪ್ರಶ್ನೆಗೆ ಯಾವ ಐಸೊಟೋಪ್? ಸಾಗರ ಮತ್ತು ವಾತಾವರಣದ ರಸಾಯನ ಅಧ್ಯಯನಕ್ಕೊಂದು ಹೋಲಿಕೆಯ ಮಾರ್ಗದರ್ಶಿ

ಒಂದು ಬಾಟಲಿ ಸಮುದ್ರದ ನೀರು ಎದುರಿಗಿದೆ ಎಂದುಕೊಳ್ಳಿ. ಅದರಲ್ಲಿ ಕರಗಿರುವ ಇಂಗಾಲದ ವಯಸ್ಸು ತಿಳಿಯಬೇಕಾದರೆ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದ ಒಂದೆರಡು ಹನಿ ಹಾಕಿ, ಒಳಗಿನ ಜೀವಿಗಳನ್ನು ಕೊಂದು, ಗಾಳಿ ತಾಗದಂತೆ ಮುಚ್ಚಬೇಕು. ನೈಟ್ರೇಟ್ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಸೋಸಿ ಫ್ರೀಜರಿಗೆ ಸೇರಿಸಬೇಕು. ನೀರಿನ ಮೂಲ ಗೊತ್ತಾದರೆ ಸಾಕು ಎನ್ನುವುದಾದರೆ ವಿಷವೂ ಬೇಡ, ಫ್ರೀಜರೂ ಬೇಡ, ಮುಚ್ಚಳ ಬಿಗಿಯಾಗಿದ್ದರೆ ಆಯಿತು. ಅಂದರೆ ಯಾವ ಐಸೊಟೋಪ್ ಅಳೆಯಬೇಕೆಂಬುದು ಬಾಟಲಿ ತುಂಬುವ ಮೊದಲೇ ತೀರ್ಮಾನವಾಗಿರಬೇಕು.

ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ‘ನಮ್ಮ ಲ್ಯಾಬಿನಲ್ಲಿ ಯಾವ ಯಂತ್ರ ಇದೆ’ ಎನ್ನುವಲ್ಲಿಂದ ಶುರುಮಾಡುತ್ತಾರೆ. ಅದು ತಿರುಗುಮುರುಗಾದ ದಾರಿ ಎಂದು ನನ್ನ ಖಚಿತ ಅಭಿಪ್ರಾಯ. ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಎರಡೇ ಪ್ರಶ್ನೆ ಕೇಳುತ್ತೇನೆ. ನೀವು ಹಿಂಬಾಲಿಸುತ್ತಿರುವ ಕ್ರಿಯೆ ನಡೆಯಲು ಎಷ್ಟು ಕಾಲ ಬೇಕು, ಕೆಲವು ದಿನವೋ, ಸಾವಿರ ವರ್ಷವೋ? ಬೇರ್ಪಡಿಸಬೇಕಾದ ಮೂಲಗಳ ನಡುವೆ ಐಸೊಟೋಪ್ ಅಂತರ ಎಷ್ಟಿದೆ? ಇವೆರಡಕ್ಕೂ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಪಠ್ಯಪುಸ್ತಕಗಳಲ್ಲಿ ‘ಸಮಸ್ಥಾನಿ’ ಎಂದು ಓದಿದ್ದೇವಲ್ಲ, ಅದೇ ಐಸೊಟೋಪ್: ಒಂದೇ ಧಾತು, ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆ. ಇಂಗಾಲ, ಸಾರಜನಕ, ಆಮ್ಲಜನಕಗಳ ಸ್ಥಿರ ಐಸೊಟೋಪುಗಳಲ್ಲಿ ಭಾರವಾದದ್ದು ಬಹಳ ಅಪರೂಪ. ಇಂಗಾಲದಲ್ಲಿ ಕಾರ್ಬನ್-13 ಶೇಕಡಾ 1.1ರಷ್ಟು, ಸಾರಜನಕ-15 ಶೇಕಡಾ 0.37ರಷ್ಟು, ಆಮ್ಲಜನಕ-18 ಶೇಕಡಾ 0.2ರಷ್ಟು. ಆ ಪ್ರಮಾಣದಲ್ಲಾಗುವ ಏರುಪೇರು ಇನ್ನೂ ಚಿಕ್ಕದು. ಅದಕ್ಕೇ ಒಂದು ಮಾನಕದ ಜೊತೆ ಹೋಲಿಸಿ, ವ್ಯತ್ಯಾಸವನ್ನು ಸಾವಿರದಲ್ಲಿ ಇಷ್ಟು ಎಂದು ‘ಡೆಲ್ಟಾ’ ಮೌಲ್ಯವಾಗಿ ಬರೆಯುತ್ತೇವೆ. ಈ ಏಕಮಾನದ ಹೆಸರು ಪರ್ಮಿಲ್. ಮೈನಸ್ ಬಂದರೆ ಮಾನಕಕ್ಕಿಂತ ಹಗುರ, ಪ್ಲಸ್ ಬಂದರೆ ಭಾರ.

ಗುರುತೋ, ಗಡಿಯಾರವೋ

ಸ್ಥಿರ ಐಸೊಟೋಪ್ ಒಂದು ಗುರುತು. ವಸ್ತು ಎಲ್ಲಿಂದ ಬಂತು, ದಾರಿಯಲ್ಲಿ ಏನಾಯಿತು ಎಂದು ಅದು ಹೇಳುತ್ತದೆ. ವಿಕಿರಣಶೀಲ ಐಸೊಟೋಪ್ ಗಡಿಯಾರ, ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ. ಆದರೆ ಗಡಿಯಾರದ ಮುಳ್ಳು ನಿಮ್ಮ ಕ್ರಿಯೆಯ ವೇಗಕ್ಕೆ ಹೊಂದಬೇಕು. ಅರ್ಧಾಯು ಎಂದರೆ ವಿಕಿರಣಶೀಲ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ. ಅದಕ್ಕಿಂತ ತೀರಾ ಬೇಗ ಮುಗಿಯುವ ಕ್ರಿಯೆಯಲ್ಲಿ ಕ್ಷಯ ಕಾಣುವುದೇ ಇಲ್ಲ. ಐದಾರು ಅರ್ಧಾಯು ಕಳೆದ ಮೇಲೆ ಅಳೆಯಲು ಹೆಚ್ಚೇನೂ ಉಳಿದಿರುವುದಿಲ್ಲ.

ಇದನ್ನು ಮನದಟ್ಟು ಮಾಡಿಕೊಳ್ಳಲು ರೇಡಿಯಂಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನೆಲದಡಿಯ ನೀರು ಕರಾವಳಿಯ ತಳದಿಂದ ಸಮುದ್ರಕ್ಕೆ ಎಷ್ಟು ಸೇರುತ್ತಿದೆ ಎಂದು ತಿಳಿಯಲು ಇದನ್ನೇ ಬಳಸುತ್ತಾರೆ. ಸಿಹಿನೀರಿನಲ್ಲಿ ರೇಡಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ, ಉಪ್ಪುನೀರು ತಾಗಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಒಂದೇ ಧಾತುವಿನಲ್ಲಿ ನಾಲ್ಕು ಗಡಿಯಾರಗಳಿವೆ: ರೇಡಿಯಂ-224ರ ಅರ್ಧಾಯು 3.66 ದಿನ, 223ರದ್ದು 11.4 ದಿನ, 228ರದ್ದು 5.75 ವರ್ಷ, 226ರದ್ದು 1600 ವರ್ಷ. ರಾಸಾಯನಿಕವಾಗಿ ನಾಲ್ಕೂ ಒಂದೇ ಥರ ನಡೆದುಕೊಳ್ಳುವುದರಿಂದ, ಅವುಗಳ ಅನುಪಾತ ಬದಲಾದರೆ ಕಾರಣ ಕಾಲ ಅಥವಾ ಬೆರಕೆ ಮಾತ್ರ. ದಡದಿಂದ ಕೆಲವೇ ಕಿಲೋಮೀಟರ್ ದೂರದ ಪ್ರಶ್ನೆಗೆ 224 ಮತ್ತು 223, ಇಡೀ ಭೂಖಂಡದಂಚಿನ ಪ್ರಶ್ನೆಗೆ 228. ಅಲ್ಪಾಯುಷಿಗಳನ್ನು ಆರಿಸಿದರೆ ಎಣಿಕೆಯ ಉಪಕರಣವೂ ನಿಮ್ಮ ಜೊತೆಗೇ ಬರಬೇಕು. ಬಂದರಿಗೆ ಮರಳಿ ಎಣಿಸೋಣ ಎಂದು ಹನ್ನೊಂದು ದಿನ ತಡಮಾಡಿದರೆ 224ರಲ್ಲಿ ಎಂಟನೇ ಒಂದು ಪಾಲು ಉಳಿದಿರುತ್ತದೆ, ಅಷ್ಟೇ. ಮ್ಯಾಂಗನೀಸ್ ಲೇಪಿಸಿದ ನಾರಿನ ಮೂಲಕ ಹತ್ತಾರು, ಕೆಲವೊಮ್ಮೆ ನೂರಾರು ಲೀಟರ್ ನೀರು ಹಾಯಿಸಬೇಕಾದ ಕೆಲಸ ಇದು. ಅದಕ್ಕೆ ತಕ್ಕ ಜನ, ಸಮಯ ಇದ್ದರೆ ಮಾತ್ರ ಕೈಹಾಕಿ.

ಮೇಲಿನ ನೀರಿನಿಂದ ಆಳಕ್ಕೆ ಮುಳುಗುವ ಇಂಗಾಲದ ಲೆಕ್ಕಕ್ಕೆ ಥೋರಿಯಂ-234 ಇದೆ, ಪೊಲೋನಿಯಂ-210 ಇದೆ. ಥೋರಿಯಂನ ಅರ್ಧಾಯು 24.1 ದಿನ. ಅದರ ಪೂರ್ವಜ ಯುರೇನಿಯಂ-238 ಸಮುದ್ರದಲ್ಲಿ ಲವಣಾಂಶಕ್ಕೆ ತಕ್ಕಂತೆ ಇರುತ್ತದಾದ್ದರಿಂದ ಎಷ್ಟು ಥೋರಿಯಂ ಇರಬೇಕಿತ್ತು ಎಂದು ಲೆಕ್ಕಹಾಕಬಹುದು. ಕೊರತೆ ಬಿದ್ದಷ್ಟೂ ಕಣಗಳಿಗೆ ಅಂಟಿ ಮುಳುಗಿಹೋಗಿದೆ ಎಂದರ್ಥ. ಪೊಲೋನಿಯಂ-210ರ ಅರ್ಧಾಯು 138 ದಿನ, ಅದು ಋತುಮಾನದ ನೆನಪು ಇಟ್ಟುಕೊಳ್ಳುತ್ತದೆ. ಪಾಚಿ ಸೊಕ್ಕಿ ಬೆಳೆದು ಕೆಲವೇ ವಾರಗಳಾಗಿದ್ದರೆ ಥೋರಿಯಂ, ಇಡೀ ಋತುವಿನ ಸರಾಸರಿ ಬೇಕಿದ್ದರೆ ಪೊಲೋನಿಯಂ. ಎರಡರಲ್ಲೂ ಕೊನೆಗೆ ಕೊರತೆಯನ್ನು ಇಂಗಾಲಕ್ಕೆ ತಿರುಗಿಸಲು ಕಣಗಳಲ್ಲಿ ಇಂಗಾಲಕ್ಕೂ ಆ ಥೋರಿಯಂ ಅಥವಾ ಪೊಲೋನಿಯಂಗೂ ಇರುವ ಅನುಪಾತದಿಂದ ಗುಣಿಸಬೇಕು. ಉತ್ತರ ಜಾರಿ ಬೀಳುವುದು ಅಲ್ಲೇ, ಎಣಿಕೆಯಲ್ಲಲ್ಲ.

ಕಾರ್ಬನ್-13ಕ್ಕೂ ಕಾರ್ಬನ್-14ಕ್ಕೂ ಇರುವ ಅಂತರ

ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಕಲ್ಲಿದ್ದಲು, ಪೆಟ್ರೋಲಿನಿಂದ ಬಂದದ್ದೆಷ್ಟು ಎಂಬುದು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ಕಾರ್ಬನ್-13 ಅಳೆಯುವುದು ಅಗ್ಗ, 14 ದುಬಾರಿ. ಹಾಗಾದರೆ 13 ಸಾಲದೇ? ಕಾಗದದ ಮೇಲೆ ಲೆಕ್ಕಮಾಡಿ ನೋಡೋಣ.

ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ಕಾರ್ಬನ್ ಡೈಆಕ್ಸೈಡ್ ಇರುವ ಗಾಳಿಗೆ 1 ಪಿಪಿಎಂನಷ್ಟು ಪಳೆಯುಳಿಕೆ ಇಂಧನದ ಅನಿಲ ಸೇರಿತು ಎಂದುಕೊಳ್ಳಿ. ಗಾಳಿಯ ಕಾರ್ಬನ್-13 ಮೌಲ್ಯ ಈಗ ಮೈನಸ್ 8.5 ಪರ್ಮಿಲ್ ಆಸುಪಾಸಿನಲ್ಲಿದೆ, ಇಂಧನದ್ದು ಸರಾಸರಿ ಮೈನಸ್ 28 ಎನ್ನಿ. ಅಂತರ 19.5. ಅದನ್ನು 421ರಿಂದ ಭಾಗಿಸಿದರೆ 0.046 ಪರ್ಮಿಲ್ ಇಳಿಕೆ. ಒಳ್ಳೆಯ ಮಾಸ್ ಸ್ಪೆಕ್ಟ್ರೋಮೀಟರ್ (ಐಸೊಟೋಪುಗಳನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಯಂತ್ರ) 0.01ರಿಂದ 0.02ರವರೆಗೂ ನಿಖರವಾಗಿ ಅಳೆಯುತ್ತದೆ, ಹಾಗಾಗಿ ಇದು ಕಾಣುತ್ತದೆ. ಆದರೆ ಅದೇ 1 ಪಿಪಿಎಂ ಕಾಡಿನ ಮಣ್ಣಿನ ಉಸಿರಾಟದಿಂದ ಮೈನಸ್ 26ರಲ್ಲಿ ಬಂದಿದ್ದರೆ? ಇಳಿಕೆ 0.042. ಎರಡರ ನಡುವಿನ ವ್ಯತ್ಯಾಸ 0.005ಕ್ಕಿಂತ ಕಡಿಮೆ, ಅದು ಯಾವ ಯಂತ್ರಕ್ಕೂ ಸಿಗುವುದಿಲ್ಲ. ಏನೋ ಸೇರಿದೆ ಎಂದು ಗೊತ್ತಾಯಿತು, ಯಾವುದು ಎಂದು ಗೊತ್ತಾಗಲಿಲ್ಲ.

ಕಾರ್ಬನ್-14ರಲ್ಲಿ ಚಿತ್ರವೇ ಬೇರೆ. ಅದರ ಅರ್ಧಾಯು 5730 ವರ್ಷ. ಕೋಟ್ಯಂತರ ವರ್ಷ ನೆಲದಡಿಯಿದ್ದ ಇಂಧನದಲ್ಲಿ ಅದು ಒಂದಿಷ್ಟೂ ಉಳಿದಿಲ್ಲ, ಅಂದರೆ ಮೌಲ್ಯ ಮೈನಸ್ 1000. ಗಾಳಿಯದ್ದು ಈಗ ಸೊನ್ನೆಯ ಹತ್ತಿರ. ಹಾಗಾಗಿ 1 ಪಿಪಿಎಂಗೆ ಇಳಿಕೆ ಸುಮಾರು 2.4 ಪರ್ಮಿಲ್. ಕಾಡಿನ ಉಸಿರು ಇತ್ತೀಚಿನ ಇಂಗಾಲವೇ ಆದ್ದರಿಂದ ಬಹುಮಟ್ಟಿಗೆ ಗಾಳಿಯಂತೆಯೇ ಇರುತ್ತದೆ, ಇಳಿಕೆ ತೋರಿಸುವುದಿಲ್ಲ. ವೇಗವರ್ಧಕ ಮಾಸ್ ಸ್ಪೆಕ್ಟ್ರೋಮೀಟರಿನ, ಅಂದರೆ ಎಎಂಎಸ್‌ನ ನಿಖರತೆ ಸುಮಾರು 2 ಪರ್ಮಿಲ್. ಅಂದರೆ ಒಂದು ಪಿಪಿಎಂನಷ್ಟನ್ನು ಗುರುತಿಸುವುದು ಈ ಅಳತೆಯ ಅಂಚಿನಲ್ಲಿ ಸಾಧ್ಯ. ನಿಖರತೆಯಲ್ಲಿ ನೂರು ಪಟ್ಟು ಒರಟಾದ ಅಳತೆ ಇಲ್ಲಿ ಗೆಲ್ಲುತ್ತದೆ, ಏಕೆಂದರೆ ಮೂಲಗಳ ಅಂತರ ಅಷ್ಟು ದೊಡ್ಡದು. ಹತ್ತಿರದಲ್ಲಿ ಪರಮಾಣು ವಿದ್ಯುತ್ ಸ್ಥಾವರ ಇದ್ದರೆ ಮಾತ್ರ ಎಚ್ಚರ ಬೇಕು. ಅವುಗಳಿಂದಲೂ ಕಾರ್ಬನ್-14 ಹೊರಬರುತ್ತದೆ, ಇಂಧನದ ಇಳಿಕೆಯನ್ನು ಅದು ಮುಚ್ಚಿಹಾಕಬಲ್ಲದು.

ಹಾಗೆಂದು 13 ನಿರುಪಯೋಗಿ ಎಂದಲ್ಲ. ಗಾಳಿಯಿಂದ ಕಡಿಮೆಯಾದ ಇಂಗಾಲವನ್ನು ಕಾಡು ಹೀರಿತೋ, ಸಮುದ್ರ ಹೀರಿತೋ ಎಂಬ ಪ್ರಶ್ನೆಗೆ ಅದೇ ಸರಿಯಾದ ಸಾಧನ. ಹೆಚ್ಚಿನ ಗಿಡಮರಗಳು ಹಗುರ ಇಂಗಾಲವನ್ನೇ ಆರಿಸಿಕೊಳ್ಳುತ್ತವೆ, ಸುಮಾರು 18 ಪರ್ಮಿಲ್‌ನಷ್ಟು ಭೇದ ಮಾಡುತ್ತವೆ. ಸಮುದ್ರ ಮಾಡುವ ಭೇದ ಸುಮಾರು 2 ಮಾತ್ರ.

ಸಾಗರದಲ್ಲಿ ಕಾರ್ಬನ್-14 ಎರಡು ಗಡಿಯಾರಗಳಾಗಿ ಕೆಲಸ ಮಾಡುತ್ತದೆ. ನೈಸರ್ಗಿಕ ಕಾರ್ಬನ್-14 ಆಳದ ನೀರಿನ ವಯಸ್ಸು ಹೇಳುತ್ತದೆ. ಉತ್ತರ ಪೆಸಿಫಿಕ್‌ನ ಆಳದ ನೀರು ಅತ್ಯಂತ ಹಳೆಯದು ಎಂದು ಗೊತ್ತಾದದ್ದು ಹೀಗೆ. ಇನ್ನೊಂದು, ಬಾಂಬ್ ಪರೀಕ್ಷೆಗಳ ಕಾರ್ಬನ್-14. 1963ರಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದ ಆಗುವ ಹೊತ್ತಿಗೆ ಉತ್ತರಾರ್ಧಗೋಳದ ಗಾಳಿಯಲ್ಲಿ ಅದು ಬಹುತೇಕ ಇಮ್ಮಡಿಯಾಗಿತ್ತು. ಆ ಏರಿಕೆ ಸಮುದ್ರದೊಳಕ್ಕೆ ಎಷ್ಟು ಇಳಿದಿದೆ ಎಂದು ನೋಡಿದರೆ ದಶಕಗಳ ಲೆಕ್ಕ ಸಿಗುತ್ತದೆ. ಎರಡೂ ಒಂದೇ ನೀರಿನಲ್ಲಿ ಬೆರೆತಿರುವುದರಿಂದ ಮೇಲಿನ ಸಾವಿರ ಮೀಟರಿನಲ್ಲಿ ವಯಸ್ಸು ಓದುವುದು ಸುಲಭವಲ್ಲ. ಅಲ್ಲಿ ನಾನು ಟ್ರಿಷಿಯಂ-ಹೀಲಿಯಂ-3 ಜೋಡಿಯನ್ನೇ ಆರಿಸುತ್ತೇನೆ. ಟ್ರಿಷಿಯಂ ಎಂದರೆ ವಿಕಿರಣಶೀಲ ಹೈಡ್ರೋಜನ್, ಅದರ ಅರ್ಧಾಯು 12.3 ವರ್ಷ. ಅದು ಕ್ಷಯಿಸಿ ಹೀಲಿಯಂ-3 ಆಗುತ್ತದೆ, ತಾಯಿ ಮಗು ಇಬ್ಬರನ್ನೂ ಅಳೆದರೆ ಮೊದಲಲ್ಲಿ ಎಷ್ಟಿತ್ತು ಎಂಬ ಊಹೆಯೇ ಬೇಕಾಗುವುದಿಲ್ಲ.

1970ರ ದಶಕದ ಜಿಯೋಸೆಕ್ಸ್ ಎಂಬ ಸಾಗರ ರಸಾಯನ ಸಮೀಕ್ಷೆಯ ಯಾನಗಳಲ್ಲಿ ಒಂದು ಕಾರ್ಬನ್-14 ಅಳತೆಗೆ ಇನ್ನೂರು ಲೀಟರಿಗೂ ಹೆಚ್ಚು ನೀರು ಎತ್ತಬೇಕಾಗಿತ್ತು. ಎಎಂಎಸ್ ಬಂದ ಮೇಲೆ ಅರ್ಧ ಲೀಟರ್ ಸಾಕು.

ಈ ಎರಡು ಐಸೊಟೋಪುಗಳನ್ನು ಹೋಲಿಸುವಾಗ ಒಂದು ವಿಷಯವನ್ನು ತುಂಬ ಜನ ಮರೆಯುತ್ತಾರೆ. ಸಮುದ್ರದ ಮೇಲ್ಪದರದ ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಗಾಳಿಯ ಜೊತೆ ಸಮತೋಲಕ್ಕೆ ಬರಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಐಸೊಟೋಪ್ ಸಮತೋಲಕ್ಕೆ ಹತ್ತು ವರ್ಷದಷ್ಟು ಬೇಕು, ಏಕೆಂದರೆ ಕರಗಿದ ಅಷ್ಟೂ ಬೈಕಾರ್ಬನೇಟ್ ಬದಲಾಗಬೇಕು. ಹಾಗಾಗಿ ಅನಿಲದ ಪ್ರಮಾಣವೂ ಐಸೊಟೋಪ್ ಮೌಲ್ಯವೂ ಒಂದೇ ಕಥೆ ಹೇಳಬೇಕೆಂದು ನಿರೀಕ್ಷಿಸಬಾರದು.

ಮೀಥೇನ್: ಯಂತ್ರಕ್ಕಿಂತ ಮೂಲದ ಅಳತೆ ಮುಖ್ಯ

2007ರಿಂದ ಈಚೆಗೆ ಗಾಳಿಯಲ್ಲಿ ಮೀಥೇನ್ ಮತ್ತೆ ಏರುತ್ತಿದೆ, ಜೊತೆಗೇ ಅದರ ಕಾರ್ಬನ್-13 ಮೌಲ್ಯ ಇಳಿಯುತ್ತಿದೆ. ಜೌಗು, ಭತ್ತದ ಗದ್ದೆ, ಜಾನುವಾರುಗಳಿಂದ ಬರುವ ಸೂಕ್ಷ್ಮಜೀವಿ ಮೀಥೇನ್ ಸುಮಾರು ಮೈನಸ್ 62, ಪಳೆಯುಳಿಕೆ ಮೀಥೇನ್ ಸುಮಾರು ಮೈನಸ್ 44, ಬೆಂಕಿಯಿಂದ ಬರುವುದು ಇನ್ನೂ ಭಾರ. ಇಳಿಕೆಯ ದಿಕ್ಕು ಸೂಕ್ಷ್ಮಜೀವಿಗಳ ಕಡೆ ಬೆರಳು ತೋರಿಸುತ್ತದೆ.

ನಿಮ್ಮ ಊರಿನ ಗಾಳಿಯಲ್ಲಿ ಹೆಚ್ಚುವರಿಯಾಗಿ ಕಂಡ ಮೀಥೇನ್ ಮೈನಸ್ 55 ಎಂದು ಬಂತು ಎನ್ನಿ. ಎರಡೇ ಮೂಲಗಳಿದ್ದರೆ ಸೂಕ್ಷ್ಮಜೀವಿಗಳ ಪಾಲು 11 ಭಾಗಿಸು 18, ಅಂದರೆ ಶೇಕಡಾ 61. ಅಳತೆಯಲ್ಲಿ 0.1 ಪರ್ಮಿಲ್ ತಪ್ಪಾದರೆ ಈ ಪಾಲು ಅರ್ಧ ಶೇಕಡಾದಷ್ಟು ಅಲುಗುತ್ತದೆ. ಆದರೆ ಅಲ್ಲಿನ ಜೌಗಿನ ನಿಜವಾದ ಮೌಲ್ಯ ಮೈನಸ್ 62 ಅಲ್ಲ, ಮೈನಸ್ 58 ಆಗಿದ್ದರೆ? 11 ಭಾಗಿಸು 14, ಶೇಕಡಾ 79! ಪುಸ್ತಕದಲ್ಲಿನ ಸರಾಸರಿ ನಂಬಿ ಹೋದರೆ ಹದಿನೆಂಟು ಅಂಕದ ತಪ್ಪು. ಹೆಚ್ಚು ನಿಖರ ಯಂತ್ರಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಆಯಾ ಜೌಗು, ಆಯಾ ಕೊಳವೆಮಾರ್ಗ, ಆಯಾ ಕಸದ ರಾಶಿಯ ಮೀಥೇನ್ ಅಳೆಯಲು ಇಡಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಮೂಲಗಳು ಕಾರ್ಬನ್-13ರಲ್ಲಿ ಒಂದರ ಮೇಲೊಂದು ಬಿದ್ದಿದ್ದರೆ ಡ್ಯುಟೇರಿಯಂ, ಅಂದರೆ ಭಾರದ ಸ್ಥಿರ ಹೈಡ್ರೋಜನ್, ಸೇರಿಸಿ. ಅದಕ್ಕೆ ಹೆಚ್ಚು ಗಾಳಿ ಬೇಕು, ಕೆಲಸವೂ ನಿಧಾನ, ಆದರೂ ಎರಡನೇ ಅಕ್ಷ ಸಿಕ್ಕಾಗ ಮೂರು ಮೂಲಗಳನ್ನು ಬಿಡಿಸಬಹುದು. ಜಾಗತಿಕ ಮಟ್ಟದ ಲೆಕ್ಕವಾದರೆ ನಾಶದ ದಾರಿಯನ್ನೂ ಗಮನಿಸಿ. ಗಾಳಿಯ ಸರಾಸರಿ ಮೈನಸ್ 47 ಇರುವುದು ಮೂಲಗಳ ಸರಾಸರಿಯೇ ಹಾಗಿರುವುದರಿಂದಲ್ಲ. ಗಾಳಿಯಲ್ಲಿ ಮೀಥೇನನ್ನು ನಾಶಮಾಡುವ ಹೈಡ್ರಾಕ್ಸಿಲ್ (OH) ಹಗುರ ಮೀಥೇನನ್ನು ಬೇಗ ತಿಂದುಹಾಕಿ ಭಾರದ್ದನ್ನು ಉಳಿಸುತ್ತದೆ. ಕ್ಲೋರಿನ್ ಪರಮಾಣು ಈ ಭೇದವನ್ನು ಇನ್ನೂ ಹಲವು ಪಟ್ಟು ಜೋರಾಗಿ ಮಾಡುತ್ತದೆ.

ನೈಟ್ರೇಟ್: ಒಂದು, ಎರಡು, ಮೂರು

ಸಾರಜನಕ-15 ಒಂದನ್ನೇ ಅಳೆದರೆ ಆಳಸಮುದ್ರದ ನೈಟ್ರೇಟ್ ಸುಮಾರು ಪ್ಲಸ್ 5 ಬರುತ್ತದೆ. ಆಮ್ಲಜನಕವಿಲ್ಲದ ನೀರಿನ ಪದರದಲ್ಲಿ ಡಿನೈಟ್ರಿಫಿಕೇಶನ್ (ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಕ್ರಿಯೆ) ನಡೆದರೆ ಉಳಿದ ನೈಟ್ರೇಟ್ ಬಹಳ ಭಾರವಾಗುತ್ತದೆ, ಅಲ್ಲಿನ ಭೇದ 20ರಿಂದ 30 ಪರ್ಮಿಲ್. ಅದೇ ಕ್ರಿಯೆ ತಳದ ಕೆಸರಿನೊಳಗೆ ನಡೆದರೆ ಮೇಲಿನ ನೀರಿನಲ್ಲಿ ಗುರುತೇ ಬಹುಮಟ್ಟಿಗೆ ಬೀಳುವುದಿಲ್ಲ, ಒಳಗೆ ಹೋದ ನೈಟ್ರೇಟ್ ಪೂರ್ತಿ ಖರ್ಚಾಗುತ್ತದೆ. ಇನ್ನೊಂದು ಕಡೆ, ಗಾಳಿಯ ಸಾರಜನಕವನ್ನು ಜೀವಿಗಳು ಹಿಡಿದಿಟ್ಟರೆ ಸೊನ್ನೆಯ ಹತ್ತಿರದ ನೈಟ್ರೇಟ್ ಬಂದು ಸೇರುತ್ತದೆ. ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಎರಡೂ ಒಟ್ಟಿಗೆ ನಡೆದ ಕಡೆ ಒಂದೇ ಸಂಖ್ಯೆ ಎರಡನ್ನೂ ಅಡಗಿಸಿಬಿಡುತ್ತದೆ.

ಆಮ್ಲಜನಕ-18 ಸೇರಿಸಿದರೆ ಈ ಗಂಟು ಸಡಿಲಾಗುತ್ತದೆ. ಸಮುದ್ರದಲ್ಲಿ ನೈಟ್ರೇಟ್ ಖರ್ಚಾಗುವಾಗ ಎರಡೂ ಮೌಲ್ಯಗಳು ಸರಿಸಮ ಏರುತ್ತವೆ. ಹೊಸ ನೈಟ್ರೇಟ್ ತಯಾರಾಗುವಾಗ ಆಮ್ಲಜನಕ ಮುಖ್ಯವಾಗಿ ನೀರಿನಿಂದ ಬರುತ್ತದೆ, ಸಾರಜನಕ ಹಳೆಯ ಸಾವಯವದಿಂದ. ಎರಡೂ ಸರಿಸಮ ಏರಿದಾಗ ನಕ್ಷೆಯಲ್ಲಿ ಮೂಡುವ ಒಂದಕ್ಕೊಂದರ ಗೆರೆಯಿಂದ ಬಿಂದುಗಳು ಸರಿದರೆ ಮರುಉತ್ಪಾದನೆ ಇದೆ ಎಂದರ್ಥ. ನೈಟ್ರಸ್ ಆಕ್ಸೈಡ್‌ವರೆಗೆ ಮಾತ್ರ ಪರಿವರ್ತಿಸಿ ನಿಲ್ಲುವ ಬ್ಯಾಕ್ಟೀರಿಯಾ ಬಳಸುವ ವಿಧಾನ 2001ರಲ್ಲಿ ಬಂದ ಮೇಲೆ ಕೆಲವೇ ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಈ ಅಳತೆ ಸಾಧ್ಯವಾಗಿದೆ. ಕ್ಯಾಡ್ಮಿಯಂ-ಅಜೈಡ್ ವಿಧಾನದಲ್ಲಿ ಬ್ಯಾಕ್ಟೀರಿಯಾ ಸಾಕುವ ರಗಳೆ ಇಲ್ಲ, ಆದರೆ ಎರಡೂ ವಸ್ತುಗಳು ವಿಷ. ಫ್ಯೂಮ್ ಹುಡ್ ಗಟ್ಟಿಯಾಗಿಲ್ಲದ ಕಡೆ ಅದನ್ನು ಆರಿಸಬೇಡಿ. ಯಾವುದನ್ನೇ ಆರಿಸಿ, ನೀರಿನಲ್ಲಿ ನೈಟ್ರೈಟ್ ಇದ್ದರೆ ಮೊದಲು ಸಲ್ಫಾಮಿಕ್ ಆಮ್ಲದಿಂದ ತೆಗೆದುಹಾಕಿ.

ಮೂರನೆಯದು ಆಮ್ಲಜನಕ-17. ಸಾಮಾನ್ಯ ಕ್ರಿಯೆಗಳಲ್ಲಿ 17 ಮತ್ತು 18 ಒಟ್ಟಿಗೆ ಲೆಕ್ಕದ ಪ್ರಕಾರ ಬದಲಾಗುತ್ತವೆ. ಓಝೋನ್ ಈ ಲೆಕ್ಕ ಮುರಿಯುತ್ತದೆ ಎಂದು ಥೀಮೆನ್ಸ್ ಮತ್ತು ಹೈಡೆನ್‌ರೀಚ್ 1983ರಲ್ಲಿ ತೋರಿಸಿದರು. ಓಝೋನ್ ಜೊತೆ ವರ್ತಿಸಿ ವಾತಾವರಣದಲ್ಲಿ ಹುಟ್ಟಿದ ನೈಟ್ರೇಟ್‌ನಲ್ಲಿ 17ರ ಹೆಚ್ಚಳ 20ರಿಂದ 30 ಪರ್ಮಿಲ್, ಸಮುದ್ರದೊಳಗೆ ಹುಟ್ಟಿದ್ದರಲ್ಲಿ ಸೊನ್ನೆ. ಒಂದಷ್ಟನ್ನು ಪಾಚಿ ತಿಂದರೂ, ಬ್ಯಾಕ್ಟೀರಿಯಾ ಒಡೆದರೂ ಉಳಿದ ನೈಟ್ರೇಟ್ನಲ್ಲಿ ಈ ಹೆಚ್ಚಳ ಮಾಸುವುದಿಲ್ಲ. ಮಳೆ, ಧೂಳಿನ ಜೊತೆ ಬಂದು ಬಿದ್ದ ನೈಟ್ರೇಟ್ ಎಷ್ಟು ಎಂಬುದೇ ಪ್ರಶ್ನೆಯಾದರೆ ಉಳಿದದ್ದೆಲ್ಲ ಬದಿಗಿಟ್ಟು ಇದನ್ನೇ ಅಳೆಯಿರಿ. ಹೆಚ್ಚು ನೈಟ್ರೇಟ್ ಬೇಕು, ಅನಿಲವನ್ನು ಕಾದ ಚಿನ್ನದ ಮೇಲೆ ಹಾಯಿಸಿ ಒಡೆಯುವ ಹೆಚ್ಚುವರಿ ಹಂತವೂ ಇದೆ. ಆದರೂ ಆ ಶ್ರಮಕ್ಕೆ ಬೆಲೆ ಇದೆ.

ನೀರು, ಮತ್ತು ಯಂತ್ರದ ಮಾತು

ನೀರಿನ ಅಣುವಿನಲ್ಲಿ ಆಮ್ಲಜನಕ-18 ಸಾಕೋ, ಡ್ಯುಟೇರಿಯಂ ಕೂಡ ಬೇಕೋ? ನನ್ನ ಉತ್ತರ: ಮಳೆ, ಆವಿ, ನದಿಗೆ ಯಾವಾಗಲೂ ಎರಡೂ. ಡ್ಯುಟೇರಿಯಂ ಮೌಲ್ಯ ಆಮ್ಲಜನಕ-18ರ ಎಂಟು ಪಟ್ಟಿಗೆ ಹತ್ತು ಕೂಡಿಸಿದಷ್ಟು ಇರುತ್ತದೆ ಎಂದು ಹಾರ್ಮನ್ ಕ್ರೇಗ್ 1961ರಲ್ಲಿ ತೋರಿಸಿದ ಗೆರೆಯೇ ಆಧಾರ. ಒಮ್ಮೆ ನಮಗೆ ಬಂದ ಒಂದು ಪೆಟ್ಟಿಗೆ ಮಳೆನೀರಿನಲ್ಲಿ ಆಮ್ಲಜನಕದ ಮೌಲ್ಯಗಳು ಚೆನ್ನಾಗಿಯೇ ಕಂಡವು. ಡ್ಯುಟೇರಿಯಂ ಜೊತೆ ಇಟ್ಟು ನೋಡಿದಾಗ ಎಂಟು ಪಟ್ಟಿನ ಮೇಲೆ ಹತ್ತರ ಸುತ್ತ ಇರಬೇಕಾದ ಹೆಚ್ಚಳ ಸೊನ್ನೆಗಿಂತ ಕೆಳಗಿಳಿದಿತ್ತು. ಮುಚ್ಚಳಗಳನ್ನು ಬೆರಳಿನಿಂದ ತಿರುಗಿಸಿ ನೋಡಿದರೆ ಅರ್ಧದಷ್ಟು ಸಡಿಲ. ನೀರು ದಾರಿಯಲ್ಲೇ ಆವಿಯಾಗಿತ್ತು. ಒಂದೇ ಐಸೊಟೋಪ್ ಅಳೆದಿದ್ದರೆ ಆ ಸುಳ್ಳು ಮಳೆಯನ್ನು ನಾವು ನಿಜವೆಂದೇ ಬರೆದುಬಿಡುತ್ತಿದ್ದೆವು.

ಸಮುದ್ರದಲ್ಲಿ ಮಾತ್ರ ಆಮ್ಲಜನಕ-18ಕ್ಕೆ ಜೊತೆಯಾಗಿ ಲವಣಾಂಶವೇ ಹೆಚ್ಚು ಉಪಯೋಗಿ. ಆರ್ಕ್ಟಿಕ್‌ನಲ್ಲಿ ನದಿನೀರಿನ ಮೌಲ್ಯ ಮೈನಸ್ 20ರ ಆಸುಪಾಸು, ಕರಗಿದ ಸಮುದ್ರಮಂಜಿನದ್ದು ಸಮುದ್ರಕ್ಕೆ ಹತ್ತಿರ. ಎರಡೂ ಉಪ್ಪನ್ನು ತೆಳುಮಾಡುತ್ತವೆ, ಆದರೆ ಒಂದು ಮಾತ್ರ ಐಸೊಟೋಪನ್ನೂ ಎಳೆದುಕೊಂಡು ಹೋಗುತ್ತದೆ.

ಈ ಅಳತೆಗೆ ಲೇಸರ್ ಉಪಕರಣ ಸಾಕು. ಆಮ್ಲಜನಕಕ್ಕೆ 0.1, ಡ್ಯುಟೇರಿಯಂಗೆ 0.5 ಪರ್ಮಿಲ್ ಸಿಗುತ್ತದೆ, ಹಡಗಿನಲ್ಲೂ ಇಟ್ಟುಕೊಳ್ಳಬಹುದು. ಹಿಂದಿನ ಮಾದರಿಯ ನೆನಪು ಒಳಗೆ ಉಳಿಯುವುದರಿಂದ ಮೊದಲ ಕೆಲವು ಇಂಜೆಕ್ಷನ್‌ಗಳನ್ನು ಬಿಡಬೇಕು, ಸಮುದ್ರದ ನೀರಾದರೆ ಆವಿಕಾರಕದಲ್ಲಿ ಕೂರುವ ಉಪ್ಪನ್ನು ಆಗಾಗ ತೆಗೆಯಬೇಕು. ಮೀಥೇನ್‌ಗೆ ಲೇಸರ್ ಬಳಸುವವರು ಈಥೇನ್ ಬೆರೆತಿದೆಯೇ ಎಂದು ಮೊದಲು ನೋಡಿ. ಅನಿಲ ಸೋರುವ ಜಾಗದಲ್ಲಿ ಅದು ಓದನ್ನೇ ಕೆಡಿಸುತ್ತದೆ. ಸೆಕೆಂಡಿಗೊಮ್ಮೆ ಓದು ಬೇಕಾದರೆ ಲೇಸರ್, ಚಿಕ್ಕ ವ್ಯತ್ಯಾಸ ಬೇಕಾದರೆ ಐಸೊಟೋಪ್ ಅನುಪಾತ ಮಾಸ್ ಸ್ಪೆಕ್ಟ್ರೋಮೀಟರ್. ಬೋರಾನ್, ಸೀಸ, ನಿಯೋಡಿಮಿಯಂ, ಕಬ್ಬಿಣದಂಥವಕ್ಕೆ ಸಾಮಾನ್ಯವಾಗಿ ಪ್ಲಾಸ್ಮಾ ಬಳಸುವ ಬಹುಸಂಗ್ರಾಹಕ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಹಳೆಯ ಸಮುದ್ರದ ಪಿಎಚ್ ತಿಳಿಯಲು ಬೋರಾನ್-11 ತುಂಬ ಬೆಲೆಬಾಳುವ ದಾರಿ. ಸೀಸ, ಕಬ್ಬಿಣಗಳಲ್ಲಿ ಕೊಠಡಿಯ ಧೂಳೇ ಮಾದರಿಗಿಂತ ಹೆಚ್ಚಾಗಬಲ್ಲದು, ಹಾಗಾಗಿ ಕ್ಲೀನ್ ರೂಮ್ ಇಲ್ಲದೆ ಅವಕ್ಕೆ ಕೈಹಾಕುವುದು ವ್ಯರ್ಥ.

ಆಯ್ಕೆ ಆದ ಮೇಲೆ, ಹಡಗಿನ ಮೇಲೆ ನಿಮ್ಮ ಜಾಗವೂ ಅದರಿಂದಲೇ ನಿಗದಿಯಾಗುತ್ತದೆ. ಆಳದಿಂದ ನೀರು ಹಿಡಿದು ತರುವ ನಿಸ್ಕಿನ್ ಬಾಟಲಿಗಳ ಚೌಕಟ್ಟು ಮೇಲೆ ಬಂದ ಕೂಡಲೇ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಹೀಲಿಯಂನವರು ಮುಂದೆ, ಏಕೆಂದರೆ ಮುಚ್ಚಳ ತೆರೆದ ಗಳಿಗೆಯಿಂದ ಅನಿಲ ಹಾರಲು ಶುರು. ಆಮೇಲೆ ಕರಗಿದ ಆಮ್ಲಜನಕ, ಅದರ ಹಿಂದೆ ಕರಗಿದ ಇಂಗಾಲ ಮತ್ತು ಕಾರ್ಬನ್-14. ನಂತರ ಟ್ರಿಷಿಯಂ, ನೈಟ್ರೇಟ್. ಲವಣಾಂಶ ಮತ್ತು ನೀರಿನ ಆಮ್ಲಜನಕ-18ರವರು ಕೊನೆಗೆ. ನಳಿಕೆಯನ್ನು ಬಾಟಲಿಯ ತಳಕ್ಕೆ ತಾಗಿಸಿ, ಗುಳ್ಳೆ ಏಳದಂತೆ ಮೆಲ್ಲಗೆ ತುಂಬಿ, ಬಾಟಲಿಯ ಅಳತೆಯಷ್ಟು ನೀರು ಹೊರಚೆಲ್ಲಲು ಬಿಟ್ಟು, ನಳಿಕೆ ನಿಧಾನವಾಗಿ ಎತ್ತಿ ಮುಚ್ಚಿ. ನಿಸ್ಕಿನ್‌ನಲ್ಲಿ ಉಳಿದ ನೀರನ್ನು ಹಿಂದೆ ನಿಂತವರ ಲೆಕ್ಕ ನೋಡದೆ ಖರ್ಚುಮಾಡಬೇಡಿ.